ಹಳೆಯ ಕಂಪ್ಯೂಟರ್: ಸರಿಪಡಿಸೋಣವೇ, ಹೊಸದು ಕೊಳ್ಳೋಣವೇ?

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದೆಯೆ? ಗುಂಡಿ ಒತ್ತಿದ ಮೇಲೆ ಅದು ಕೆಲಸಕ್ಕೆ ಅಣಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಂದಾದರೂ ಅಳೆದಿದ್ದೀರಾ?

2024ರ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಏಳನೆಯ ತರಗತಿಯವರು ಗಡಿಯಾರ ಹಿಡಿದು ಅಳೆದರು. 4 ನಿಮಿಷ 50 ಸೆಕೆಂಡ್! ಗುಂಡಿ ಒತ್ತಿ ಹೊರಗೆ ಹೋಗಿ ನಾಡಗೀತೆ ಹಾಡಿ ಬಂದರೂ ಅದು ಇನ್ನೂ ಗುರುಗುಟ್ಟುತ್ತಲೇ ಇರುತ್ತಿತ್ತು.

ನಮ್ಮಲ್ಲಿ ಇದ್ದದ್ದು ಎರಡು ಕಂಪ್ಯೂಟರ್. ಒಂದು 2005ರ ಸುಮಾರಿನ ಪೆಂಟಿಯಂ 4. ಹಳೆಯ ಟಿ.ವಿ.ಯಂತೆ ಹಿಂದೆ ಉಬ್ಬಿದ ಪರದೆ ಅದರದು. ಇದನ್ನು ಮಕ್ಕಳು ‘ಅಜ್ಜ’ ಎಂದು ಕರೆಯುತ್ತಿದ್ದರು. ಇನ್ನೊಂದು 2013ರಲ್ಲಿ ಬಂದದ್ದು. ಅದರ ಹೆಸರು ‘ಅಪ್ಪ’. ಮೇಲೆ ಹೇಳಿದ 4 ನಿಮಿಷ 50 ಸೆಕೆಂಡ್ ಈ ಅಪ್ಪನ ಲೆಕ್ಕ. ಅಜ್ಜನ ಲೆಕ್ಕ ಬೇಡವೇ ಬೇಡ.

ಆ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ 30,000 ರೂಪಾಯಿ ಕೊಟ್ಟರು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹೆಚ್ಚಿನವರ ಮಾತು ಒಂದೇ ಆಗಿತ್ತು: ಎರಡು ಹಳೆಯ ಪೆಟ್ಟಿಗೆಗಳನ್ನೂ ಗುಜರಿಗೆ ಹಾಕಿ, 28,000 ರೂಪಾಯಿಗೆ ಹೊಸದೊಂದನ್ನು ತರೋಣ. ನನಗೂ ಅದೇ ಸರಿ ಎನಿಸಿತ್ತು. ಬಾಗಿಲ ಬಳಿ ನಿಂತಿದ್ದ ಒಬ್ಬ ಹುಡುಗಿ ಮಾತ್ರ, "ಸರ್, ಮಳೆ ಲೆಕ್ಕ ಏನಾಗುತ್ತದೆ?" ಎಂದು ಕೇಳಿದಳು.

ನಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿದೆ. 2009ರಿಂದ ಪ್ರತಿ ಮಳೆಗಾಲದಲ್ಲೂ ಮಕ್ಕಳು ದಿನಕ್ಕೊಮ್ಮೆ ಮಳೆಯನ್ನು ಮಿಲಿಮೀಟರ್‌ಗಳಲ್ಲಿ ಅಳೆದು ಬರೆದಿಟ್ಟಿದ್ದಾರೆ. 2009ರಿಂದ 2012ರವರೆಗಿನ ಲೆಕ್ಕ ಅಜ್ಜನ ಹೊಟ್ಟೆಯಲ್ಲಿತ್ತು. ಆಮೇಲಿನದು ಅಪ್ಪನಲ್ಲಿ. ಬೇರೆಲ್ಲೂ ಪ್ರತಿ ಇರಲಿಲ್ಲ.

ಹಾಗಾಗಿ ಗುಜರಿಯ ಮಾತನ್ನು ಒಂದು ತಿಂಗಳು ಮುಂದಕ್ಕೆ ಹಾಕಿದೆವು. ಆ ಒಂದು ತಿಂಗಳಲ್ಲಿ ನಾವು ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಮೊದಲ ಕೆಲಸ: ಪ್ರತಿ ತೆಗೆಯುವುದು

ಅಜ್ಜನನ್ನು ಚಾಲೂ ಮಾಡಿದರೆ ಒಳಗಿನಿಂದ ‘ಟಕ್... ಟಕ್... ಟಕ್...’ ಎಂಬ ಸದ್ದು ಬರುತ್ತಿತ್ತು. ಇದು ಹಾರ್ಡ್ ಡಿಸ್ಕಿನ ಸದ್ದು. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ವೇಗವಾಗಿ ಸುತ್ತುತ್ತಿರುತ್ತವೆ. ತಟ್ಟೆಯ ಮೇಲಿರುವ ಕಾಂತೀಯ ಲೇಪನದಲ್ಲಿ ಮಾಹಿತಿ ಅಡಗಿರುತ್ತದೆ. ಒಂದು ತೋಳಿನ ತುದಿಯಲ್ಲಿರುವ ಓದುಗ, ತಟ್ಟೆಯನ್ನು ಮುಟ್ಟದೆ, ಕೂದಲಿಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಾ ಅದನ್ನು ಓದುತ್ತದೆ. ಬೇಕಾದ ಜಾಗ ಸಿಗದೆ ತೋಳು ಮತ್ತೆ ಮತ್ತೆ ಮೊದಲಿನ ಸ್ಥಾನಕ್ಕೆ ಹಿಂದಿರುಗುವಾಗ ಆ ಸದ್ದು ಬರುತ್ತದೆ. ಡಿಸ್ಕಿನ ಆಯಸ್ಸು ಮುಗಿಯುತ್ತಾ ಬಂದಿದೆ ಎಂಬುದಕ್ಕೆ ಇದೊಂದು ಸೂಚನೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಆ ಸದ್ದು ಕೇಳಿದ ದಿನವೇ ಕಂಪ್ಯೂಟರ್ ಆರಿಸಿ ಸುಮ್ಮನಿರಬೇಕಿತ್ತು. ನಾನು ‘ಈಗ ಬಂದೀತು, ಆಗ ಬಂದೀತು’ ಎಂದು ಒಂದು ವಾರ ದಿನವೂ ಚಾಲೂ ಮಾಡಿ ನೋಡಿದೆ. ಕೊನೆಗೆ ತಾಲ್ಲೂಕು ಕೇಂದ್ರದ ತಂತ್ರಜ್ಞರೊಬ್ಬರು ಡಿಸ್ಕನ್ನು ಹೊರತೆಗೆದು, ಒಂದು ಜೋಡಕದ ಮೂಲಕ ತಮ್ಮ ಕಂಪ್ಯೂಟರಿಗೆ ಸೇರಿಸಿ ಓದಿದರು. 2010, 2011, 2012ರ ಲೆಕ್ಕ ಸಿಕ್ಕಿತು. 2009ರ ಕಡತ ತೆರೆಯಲೇ ಇಲ್ಲ.

ಹೋದದ್ದು ಕಂಪ್ಯೂಟರ್ ಆಗಿದ್ದರೆ ಮತ್ತೊಂದನ್ನು ಕೊಳ್ಳಬಹುದಿತ್ತು. 2009ರ ಮಳೆಯನ್ನು ಯಾರೂ ಮತ್ತೆ ಅಳೆಯಲಾರರು. ಆದ್ದರಿಂದ ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಏನನ್ನೇ ತೀರ್ಮಾನಿಸುವ ಮೊದಲು, ಅದರಲ್ಲಿರುವ ಕಡತಗಳನ್ನು ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿಡಿ. ಒಂದು ಪೆನ್ ಡ್ರೈವ್ ಶಾಲೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಅಪ್ಪನಿಗೆ ಏನಾಗಿದೆ?

ಕೆಮ್ಮು ಬಂದರೂ ಕಾಲು ಉಳುಕಿದರೂ ವೈದ್ಯರು ಒಂದೇ ಮಾತ್ರೆ ಕೊಡುವುದಿಲ್ಲ. ಕಂಪ್ಯೂಟರ್ ‘ನಿಧಾನ’ ಎಂದರೂ ಅಷ್ಟೆ. ಅದರ ಯಾವ ಭಾಗ ನಿಧಾನ ಎಂದು ತಿಳಿಯದೆ ಹಣ ಖರ್ಚು ಮಾಡಬಾರದು.

ಮೊದಲು ಪೆಟ್ಟಿಗೆಯನ್ನು ತೆರೆಸಿದೆವು. (ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆ, ದೊಡ್ಡವರೇ ತೆರೆಯಬೇಕು. ಉಬ್ಬಿದ ಪರದೆಯ ಹಳೆಯ ಮಾನಿಟರನ್ನಂತೂ ಯಾರೂ ತೆರೆಯಬಾರದು. ಅದರೊಳಗೆ ಸಾವಿರಾರು ವೋಲ್ಟ್ ಇರುತ್ತದೆ, ತಂತಿ ಕಿತ್ತ ಮೇಲೂ ಉಳಿದಿರಬಹುದು.) ಒಳಗೆ ಒಂದು ಹಿಡಿ ಧೂಳು! ಸಂಸ್ಕಾರಕವನ್ನು ತಂಪಾಗಿಡುವ ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಸಂಸ್ಕಾರಕ ತೀರಾ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಮೆತ್ತನೆಯ ಕುಂಚದಿಂದ ಧೂಳು ತೆಗೆದೆವು. ಖರ್ಚು ಸೊನ್ನೆ.

ಅಪ್ಪನಿಗೆ ಇನ್ನೊಂದು ವಿಚಿತ್ರ ಕಾಯಿಲೆ ಇತ್ತು. ದಿನ ಬೆಳಗಾದರೆ 2012ರ ಜನವರಿ 1 ಎಂದು ದಿನಾಂಕ ತೋರಿಸುತ್ತಿತ್ತು. ಅಂತರಜಾಲದ ಪುಟಗಳೂ ತೆರೆಯುತ್ತಿರಲಿಲ್ಲ. ಕಂಪ್ಯೂಟರ್ ಪೂರ್ತಿ ಕೆಟ್ಟಿದೆ ಎಂದು ಎಲ್ಲರೂ ತಿಳಿದದ್ದು ಇದರಿಂದಲೇ. ಕಾರಣ ಒಂದು ಬಿಲ್ಲೆಯಂಥ ಕೋಶ! ಕಂಪ್ಯೂಟರ್ ಆರಿದಾಗಲೂ ಅದರ ಗಡಿಯಾರ ನಡೆಯುವಂತೆ ಮಾಡುವುದು ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಈ ಕೋಶ. ಅದರ ಮೇಲೆ ‘ಸಿಆರ್ 2032’ ಎಂದು ಬರೆದಿರುತ್ತದೆ. 20 ಎಂದರೆ 20 ಮಿಲಿಮೀಟರ್ ವ್ಯಾಸ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಸ್ಕೇಲ್ ಹಿಡಿದು ಪರೀಕ್ಷಿಸಬಹುದು.

ಕೋಶಕ್ಕೂ ಅಂತರಜಾಲಕ್ಕೂ ಏನು ಸಂಬಂಧ? ಸುರಕ್ಷಿತ ಜಾಲಪುಟಗಳು ತಮ್ಮ ಗುರುತಿನ ಪತ್ರವೊಂದನ್ನು ಕಂಪ್ಯೂಟರಿಗೆ ತೋರಿಸುತ್ತವೆ. ಬಸ್ ಪಾಸಿನಂತೆ ಅದರಲ್ಲೂ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ಇರುತ್ತದೆ. 2024ರ ಪಾಸನ್ನು 2012ರಲ್ಲಿ ಇದ್ದೇನೆ ಎಂದು ತಿಳಿದಿರುವ ಕಂಡಕ್ಟರಿಗೆ ತೋರಿಸಿದರೆ ಅವನು ಬಸ್ ಹತ್ತಿಸುತ್ತಾನೆಯೆ? ಹೊಸ ಕೋಶಕ್ಕೆ 40 ರೂಪಾಯಿ ಕೊಟ್ಟೆವು. ಪುಟಗಳು ತೆರೆದವು. ಆದರೆ ನಿಧಾನ ಹಾಗೆಯೇ ಉಳಿಯಿತು.

ಬಿಸಿಯೂಟದ ಅಡುಗೆಮನೆ

ನಿಧಾನದ ಕಾರಣ ಅರ್ಥವಾಗಬೇಕಾದರೆ ನಮ್ಮ ಬಿಸಿಯೂಟದ ಅಡುಗೆಮನೆಗೆ ಬನ್ನಿ. ಅಡುಗೆಯವರು, ಅವರ ಮುಂದೆ ಒಂದು ಕಟ್ಟೆ, ಅಂಗಳದ ಆಚೆ ಒಂದು ಉಗ್ರಾಣ. ಕಂಪ್ಯೂಟರಿನಲ್ಲಿ ಅಡುಗೆಯವರ ಕೆಲಸ ಮಾಡುವುದು ಸಂಸ್ಕಾರಕ. ಕಟ್ಟೆ ಎಂದರೆ ರ‍್ಯಾಮ್ ಎಂಬ ಸ್ಮೃತಿ. ಸದ್ಯ ಕೆಲಸಕ್ಕೆ ಬೇಕಾದುದೆಲ್ಲ ಅದರ ಮೇಲಿರುತ್ತದೆ. ಉಗ್ರಾಣ ಎಂದರೆ ಹಾರ್ಡ್ ಡಿಸ್ಕ್.

ಕಟ್ಟೆ ದೊಡ್ಡದಿದ್ದರೆ ಅಕ್ಕಿ, ಬೇಳೆ, ತರಕಾರಿ ಎಲ್ಲವನ್ನೂ ಮೊದಲೇ ತಂದಿಟ್ಟುಕೊಳ್ಳಬಹುದು. ಕಟ್ಟೆ ಮಣೆಯಷ್ಟೇ ಇದ್ದರೆ? ತರಕಾರಿ ತರುವ ಮೊದಲು ಅಕ್ಕಿಯನ್ನು ಉಗ್ರಾಣಕ್ಕೆ ಹೊತ್ತು ಹಾಕಬೇಕು. ಮತ್ತೆ ಅಕ್ಕಿ ಬೇಕಾದಾಗ ತರಕಾರಿಯನ್ನು ಹೊತ್ತು ಹಾಕಬೇಕು. ಓಡಾಟದಲ್ಲೇ ಹೊತ್ತು ಹೋಗುತ್ತದೆ. ಊಟ ತಡವಾಯಿತೆಂದು ನಾವು ಅಡುಗೆಯವರನ್ನು ಬೈಯುತ್ತೇವೆ!

ಅಪ್ಪನ ರ‍್ಯಾಮ್ 2 ಜಿಬಿ ಮಾತ್ರ. ಅದರಲ್ಲಿದ್ದ ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದೆವು. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ‘ಟಾಸ್ಕ್ ಮ್ಯಾನೇಜರ್’ ಎಂಬ ಕಿಟಕಿ ತೆರೆಯಿತು. ಮಳೆ ಲೆಕ್ಕದ ಕಡತ ತೆರೆಯುತ್ತಿರುವಾಗ ಮಕ್ಕಳು ಅದನ್ನು ನೋಡಿ ಬರೆದುಕೊಂಡರು: ಸಂಸ್ಕಾರಕ ಶೇ. 15, ಸ್ಮೃತಿ ಶೇ. 92, ಡಿಸ್ಕ್ ಶೇ. 100. ಅಂದರೆ ಅಡುಗೆಯವರು ಬಹುಪಾಲು ಹೊತ್ತು ಕೈಕಟ್ಟಿ ನಿಂತಿದ್ದರು. ಕಟ್ಟೆ ತುಂಬಿತ್ತು. ಉಗ್ರಾಣದ ದಾರಿಯಲ್ಲಿ ನೂಕುನುಗ್ಗಲು.

ಇನ್ನಷ್ಟು ಚುರುಕಾದ ಸಂಸ್ಕಾರಕವನ್ನು ಹಾಕಿದ್ದರೆ ಏನಾಗುತ್ತಿತ್ತು? ಹೆಚ್ಚು ಸಂಬಳದ ಅಡುಗೆಯವರು ಕೈಕಟ್ಟಿ ನಿಲ್ಲುತ್ತಿದ್ದರು, ಅಷ್ಟೆ.

ಒಂದು ಲೆಕ್ಕ ಮಾಡೋಣ

ಉಗ್ರಾಣದ ಓಡಾಟ ಎಷ್ಟು ದುಬಾರಿ? ಅಪ್ಪನ ಹಾರ್ಡ್ ಡಿಸ್ಕಿನ ಮೇಲೆ ‘7200 ಆರ್‌ಪಿಎಂ’ ಎಂದು ಬರೆದಿತ್ತು. ನಿಮಿಷಕ್ಕೆ 7200 ಸುತ್ತು ಎಂದರ್ಥ. 60ರಿಂದ ಭಾಗಿಸಿ. ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ ಸುಮಾರು 0.008 ಸೆಕೆಂಡ್. ಬೇಕಾದ ಜಾಗ ಓದುಗದ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 0.004 ಸೆಕೆಂಡ್. ತೋಳು ಸರಿಯಾದ ವೃತ್ತಕ್ಕೆ ಸರಿಯಲು ಇನ್ನೊಂದು 0.008 ಸೆಕೆಂಡ್ ಎಂದು ಇಟ್ಟುಕೊಳ್ಳಿ. ಒಟ್ಟು 0.012 ಸೆಕೆಂಡ್.

‘ಅಷ್ಟೇ ತಾನೆ?’ ಎನ್ನಬೇಡಿ. ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ಬೇಕಾಗುವುದು ಸುಮಾರು 0.0000001 ಸೆಕೆಂಡ್. ಇಷ್ಟು ಸಣ್ಣ ಸಂಖ್ಯೆಗಳು ನಮ್ಮ ಕಲ್ಪನೆಗೆ ನಿಲುಕುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಂದು ಕೋಟಿಯಿಂದ ಗುಣಿಸಿ ಹಿಗ್ಗಿಸೋಣ. ರ‍್ಯಾಮ್‌ನಿಂದ ತರಲು 1 ಸೆಕೆಂಡ್ ಆಗುತ್ತದೆ. ಹಾಗಾದರೆ ಹಾರ್ಡ್ ಡಿಸ್ಕಿನಿಂದ ತರಲು? 1,20,000 ಸೆಕೆಂಡ್! ಗಂಟೆಗೆ ಬದಲಾಯಿಸಿದರೆ 33 ಗಂಟೆಗೂ ಹೆಚ್ಚು. ಕಟ್ಟೆಯ ಮೇಲಿನ ಉಪ್ಪಿಗೆ ಒಂದು ಸೆಕೆಂಡ್, ಉಗ್ರಾಣದ ಉಪ್ಪಿಗೆ ಒಂದು ಹಗಲು, ಒಂದು ರಾತ್ರಿ, ಮೇಲೆ ಒಂಬತ್ತು ಗಂಟೆ.

ಈಗ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಉಗ್ರಾಣ ಸಿಗುತ್ತದೆ. ಇದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಚಲಿಸುವ ತೋಳೂ ಇಲ್ಲ. ಪೆನ್ ಡ್ರೈವಿನಂತೆ ಎಲ್ಲವೂ ಚಿಪ್‌ಗಳಲ್ಲಿ ಇರುತ್ತದೆ. ಇದರಿಂದ ಮಾಹಿತಿ ತರಲು ಸುಮಾರು 0.0001 ಸೆಕೆಂಡ್ ಸಾಕು. ನಮ್ಮ ಹಿಗ್ಗಿಸಿದ ಲೆಕ್ಕದಲ್ಲಿ ಎಷ್ಟಾಗುತ್ತದೆ, ನೀವೇ ಹೇಳಿ. 1000 ಸೆಕೆಂಡ್, ಅಂದರೆ 17 ನಿಮಿಷಕ್ಕಿಂತ ಕಡಿಮೆ. 33 ಗಂಟೆ ಎಲ್ಲಿ, 17 ನಿಮಿಷ ಎಲ್ಲಿ!

ಹೊಂದುತ್ತದೆಯೇ?

ಕಾಯಿಲೆ ತಿಳಿಯಿತು. ಔಷಧಿಯೂ ತಿಳಿಯಿತು. ಆದರೆ ಹೊಸ ಭಾಗ ಹಳೆಯ ಕಂಪ್ಯೂಟರಿಗೆ ಹೊಂದಬೇಕಲ್ಲ? ಒಂದು ಸೈಕಲ್ಲಿನ ಟ್ಯೂಬು ಇನ್ನೊಂದು ಅಳತೆಯ ಚಕ್ರಕ್ಕೆ ಹೊಂದದು.

ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಬೇರೆ ಬೇರೆ ತಲೆಮಾರಿನ ಪಟ್ಟಿಗಳಲ್ಲಿ ಆ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ತಪ್ಪು ಪಟ್ಟಿಯನ್ನು ಯಾರೂ ತುರುಕದಿರಲಿ ಎಂದೇ ಈ ಏರ್ಪಾಡು. ಅಪ್ಪನಿಗೆ ಬೇಕಾದದ್ದು ಡಿಡಿಆರ್3: 240 ಪಿನ್ನುಗಳು, 1.5 ವೋಲ್ಟ್. ಅದರ ನಂತರ ಬಂದ ಡಿಡಿಆರ್4ಕ್ಕೆ 288 ಪಿನ್ನುಗಳು, 1.2 ವೋಲ್ಟ್. ಅಂಗಡಿಯವರು ‘ಹೊಸದೇ ಒಳ್ಳೆಯದು’ ಎಂದು ಕೊಟ್ಟರೂ ಅದು ಇಲ್ಲಿ ಕೂರುವುದಿಲ್ಲ. ಹಳೆಯ ಪಟ್ಟಿಯ ಮೇಲಿನ ಚೀಟಿಯನ್ನು ಬರೆದುಕೊಂಡು ಹೋಗುವುದು ಲೇಸು.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಅಪ್ಪನಲ್ಲಿದ್ದ ವಿಂಡೋಸ್ 32 ಬಿಟ್‌ನದು. ಸ್ಮೃತಿಯ ಪ್ರತಿಯೊಂದು ಬೈಟ್‌ಗೂ ಒಂದು ಮನೆ ನಂಬರ್ ಬೇಕು. 32 ಬಿಟ್‌ಗಳಲ್ಲಿ ಬರೆಯಬಹುದಾದ ನಂಬರುಗಳು ಎಷ್ಟು? 2ನ್ನು 32 ಬಾರಿ ಗುಣಿಸಿ: 2, 4, 8, 16... ತಾಳ್ಮೆಯಿದ್ದವರು ಕೊನೆಗೆ 4,29,49,67,296 ಎಂಬ ಸಂಖ್ಯೆಗೆ ತಲುಪುತ್ತೀರಿ. ಅದೇ 4 ಜಿಬಿ. ಅದಕ್ಕಿಂತ ಹೆಚ್ಚು ರ‍್ಯಾಮ್ ಹಾಕಿದರೂ ಅಂಥ ಕಂಪ್ಯೂಟರಿಗೆ ಆ ಮನೆಗಳ ನಂಬರ್ ಬರೆಯಲು ಬಾರದು. ಸಂಸ್ಕಾರಕ ಮಾತ್ರ 64 ಬಿಟ್‌ನದಾಗಿತ್ತು. ಆದ್ದರಿಂದ 64 ಬಿಟ್‌ನ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿದರೆ ಸಾಕಾಗಿತ್ತು.

ಯಾವುದನ್ನು ಹಾಕುವುದು? ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತವೆಂದು ಆಗಲೇ ಪ್ರಕಟವಾಗಿತ್ತು. ಹಾಗೆಯೇ ನಿಂತವು ಕೂಡ. ತಿದ್ದುಪಡಿ ನಿಂತ ಕಂಪ್ಯೂಟರ್ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಮಾಡಿನ ಹೆಂಚು ಒಡೆದರೆ ಬದಲಿಸುವವರಿಲ್ಲದ ಮನೆಯಂತೆ ಆಗುತ್ತದೆ. ಮುಂದಿನ ವಿಂಡೋಸ್ 11 ಇಷ್ಟು ಹಳೆಯ ಸಂಸ್ಕಾರಕವನ್ನು ಒಪ್ಪುವುದಿಲ್ಲ. ಕಂಪ್ಯೂಟರ್ ಗಟ್ಟಿಯಾಗಿರುವಾಗಲೇ ಅದನ್ನು ಎಸೆಯುವಂತೆ ಮಾಡುವ ಈ ಪದ್ಧತಿ ನನಗೇನೂ ಹಿಡಿಸುವುದಿಲ್ಲ.

ನಾವು ಲಿನಕ್ಸ್ ಆರಿಸಿಕೊಂಡೆವು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಆರಂಭಿಸಿದ ಈ ತಂತ್ರಾಂಶವನ್ನು ಈಗ ಜಗತ್ತಿನ ಸಾವಿರಾರು ಮಂದಿ ಸೇರಿ ಬೆಳೆಸುತ್ತಿದ್ದಾರೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ನಮ್ಮ ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಲಿನಕ್ಸನ್ನೇ ಬಳಸುತ್ತಾರೆ.

ಇಲ್ಲಿ ನಾವು ನಿರೀಕ್ಷಿಸದ ಒಂದು ಕಷ್ಟ ಬಂತು. ಹಳೆಯ ಮಳೆ ಲೆಕ್ಕದಲ್ಲಿ ಅಂಕಿಗಳೆಲ್ಲ ಸರಿಯಾಗಿದ್ದವು. ಕನ್ನಡದ ಮಾತುಗಳ ಜಾಗದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಆ ಕಾಲದಲ್ಲಿ ಕನ್ನಡ ಟೈಪ್ ಮಾಡುತ್ತಿದ್ದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತದೆ. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿವೆ. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಬದಲಾಯಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಲು ಆರನೆಯ ತರಗತಿಯವರಿಗೆ ಎರಡು ಶನಿವಾರ ಬೇಕಾಯಿತು. ನಿಮ್ಮ ಶಾಲೆಯಲ್ಲೂ ಹಳೆಯ ಕನ್ನಡ ಕಡತಗಳಿದ್ದರೆ ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುವಾಗಲೇ ಈ ಕೆಲಸ ಮುಗಿಸಿ.

ಖರ್ಚಿನ ವಿವರ, 2024ರ ಜುಲೈನಲ್ಲಿ ನಾವು ಕೊಟ್ಟಂತೆ: 240 ಜಿಬಿ ಎಸ್‌ಎಸ್‌ಡಿಗೆ 1,600 ರೂಪಾಯಿ. 4 ಜಿಬಿ ರ‍್ಯಾಮ್‌ಗೆ 700. ಕೋಶಕ್ಕೆ 40. ಒಟ್ಟು 2,340. ನೀವು ವಿಚಾರಿಸುವ ದಿನ ಬೆಲೆ ಬೇರೆಯೇ ಇರುತ್ತದೆ. 2025ರ ಕೊನೆಯಲ್ಲಂತೂ ಸ್ಮೃತಿ ಚಿಪ್‌ಗಳ ಬೆಲೆ ಏಕಾಏಕಿ ಏರಿತು. ಕೃತಕ ಬುದ್ಧಿಮತ್ತೆಯ ಬೃಹತ್ ಕಂಪ್ಯೂಟರ್ ಕೇಂದ್ರಗಳು ಅವನ್ನು ರಾಶಿ ರಾಶಿಯಾಗಿ ಕೊಳ್ಳತೊಡಗಿದ್ದು ಇದಕ್ಕೆ ಮುಖ್ಯ ಕಾರಣ.

ಮತ್ತೆ ಗಡಿಯಾರ ಹಿಡಿದೆವು. ಗುಂಡಿ ಒತ್ತಿ 38 ಸೆಕೆಂಡಿಗೆ ಅಪ್ಪ ಸಿದ್ಧ. ಹೊಸ ಕಂಪ್ಯೂಟರಿನ ಬೆಲೆಯ ಹತ್ತನೆಯ ಒಂದು ಭಾಗವೂ ಖರ್ಚಾಗಲಿಲ್ಲ.

ಅಜ್ಜನ ವಿಷಯ

‘ಹಾಗಾದರೆ ಅಜ್ಜನಿಗೂ ಎಸ್‌ಎಸ್‌ಡಿ ಹಾಕೋಣ’ ಎಂದು ಮಕ್ಕಳು ಗಲಾಟೆ ಮಾಡಿದರು. ನೋಡೋಣ. ಅಜ್ಜನ ಡಿಸ್ಕಿಗೆ ಹೋಗುವ ತಂತಿ ಚಪ್ಪಟೆ ರಿಬ್ಬನ್ನಿನಂಥದು. ಈಗಿನ ಎಸ್‌ಎಸ್‌ಡಿ ಅದಕ್ಕೆ ನೇರವಾಗಿ ಹೊಂದುವುದಿಲ್ಲ. ರ‍್ಯಾಮ್ 184 ಪಿನ್ನುಗಳ ಮೊದಲ ತಲೆಮಾರಿನ ಡಿಡಿಆರ್. ಅದು ಅಂಗಡಿಗಳಿಂದ ಮರೆಯಾಗಿ ಬಹಳ ಕಾಲವಾಯಿತು. ಸಂಸ್ಕಾರಕ ಬದಲಿಸೋಣವೆಂದರೆ ಮದರ್‌ಬೋರ್ಡ್ ಬದಲಿಸಬೇಕು. ಮದರ್‌ಬೋರ್ಡ್ ಬದಲಿಸಿದರೆ ರ‍್ಯಾಮ್ ಬದಲಿಸಬೇಕು. ಆಮೇಲೆ ವಿದ್ಯುತ್ ಪೂರೈಸುವ ಡಬ್ಬಿ ಬದಲಿಸಬೇಕು. ಕೊನೆಗೆ ಉಳಿಯುವುದು ತಗಡಿನ ಪೆಟ್ಟಿಗೆ ಮಾತ್ರ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಜೊತೆಗೆ ಮದರ್‌ಬೋರ್ಡಿನ ಮೇಲಿನ ಕೆಲವು ಕೆಪಾಸಿಟರುಗಳ ನೆತ್ತಿ ಉಬ್ಬಿತ್ತು. ಅವು ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂದು ಅದರರ್ಥ.

ಅಜ್ಜ ತಿನ್ನುವ ವಿದ್ಯುತ್ತನ್ನೂ ಅಳೆದೆವು. ಇದಕ್ಕೆ ಯಾವ ಉಪಕರಣವೂ ಬೇಡ. ಶಾಲೆಯ ವಿದ್ಯುತ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಎಂದು ಮೀಟರಿನ ಮೇಲೆಯೇ ಬರೆದಿರುತ್ತದೆ. ನಮ್ಮದರಲ್ಲಿ 3200. ಬೇರೆ ಎಲ್ಲ ದೀಪ, ಫ್ಯಾನುಗಳನ್ನು ಆರಿಸಿ, ಅಜ್ಜನನ್ನು ಅದರ ಉಬ್ಬು ಪರದೆಯ ಸಮೇತ ಚಾಲೂ ಮಾಡಿ 10 ನಿಮಿಷ ಎಣಿಸಿದೆವು (ಹಳೆಯ ಡಿಸ್ಕನ್ನು ಹೊರಗಿಟ್ಟೇ!). 96 ಮಿಣುಕು. ಅಪ್ಪನಿಗೂ ಅದರ ಚಪ್ಪಟೆ ಪರದೆಗೂ ಸೇರಿ 40.

ಗಂಟೆಗೆ ಅಜ್ಜನದು 576 ಮಿಣುಕು. 3200ರಿಂದ ಭಾಗಿಸಿದರೆ 0.18 ಯೂನಿಟ್, ಅಂದರೆ 180 ವ್ಯಾಟ್. ಅಪ್ಪನದು 75 ವ್ಯಾಟ್. ದಿನಕ್ಕೆ 4 ಗಂಟೆಯಂತೆ 200 ಶಾಲಾ ದಿನಗಳಿಗೆ ಅಜ್ಜನಿಗೆ 144 ಯೂನಿಟ್, ಅಪ್ಪನಿಗೆ 60 ಯೂನಿಟ್. ಹೆಚ್ಚು ತಿಂದು ಕಡಿಮೆ ದುಡಿಯುವ ಅಜ್ಜನಿಗೆ ವಿಶ್ರಾಂತಿ ಕೊಡುವುದೇ ಸರಿ ಎಂದು ಗಲಾಟೆ ಮಾಡಿದವರೇ ತೀರ್ಮಾನಿಸಿದರು. (ಮೀಟರನ್ನು ದೂರದಿಂದ ನೋಡಿ ಎಣಿಸಿ. ಮುಟ್ಟಬೇಡಿ.)

ಹೊಸದರ ಬೆಲೆ ಚೀಟಿಯಲ್ಲಿ ಇಲ್ಲದ್ದು

ಹಾಗಾದರೆ ಕಡಿಮೆ ವಿದ್ಯುತ್ ತಿನ್ನುವ ಹೊಸ ಕಂಪ್ಯೂಟರನ್ನು ಆಗಾಗ ಕೊಳ್ಳುತ್ತಲೇ ಇದ್ದರೆ ಪರಿಸರಕ್ಕೆ ಒಳ್ಳೆಯದಲ್ಲವೆ? ಇಲ್ಲ. ಕಂಪ್ಯೂಟರ್ ನಮ್ಮ ಮೇಜಿಗೆ ಬರುವ ಮೊದಲೇ ಬಹಳಷ್ಟು ತಿಂದಿರುತ್ತದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ತಿಳಿಸಿದ ಒಂದು ಲೆಕ್ಕವಿದೆ. ಉಬ್ಬು ಪರದೆಯ ಒಂದು ಮೇಜುಗಣಕವನ್ನು ತಯಾರಿಸಲು 240 ಕಿಲೋಗ್ರಾಂ ಇಂಧನ, 22 ಕಿಲೋಗ್ರಾಂ ರಾಸಾಯನಿಕಗಳು, 1500 ಕಿಲೋಗ್ರಾಂ ನೀರು ಬೇಕಾಗಿತ್ತು. ನಮ್ಮ ಅಜ್ಜನೂ ಅಂಥದೇ ಒಂದು. ಈಗಿನವುಗಳ ಲೆಕ್ಕ ಬೇರೆ ಇದ್ದೀತು. ಆದರೆ ಚಿಪ್ ತಯಾರಿಕೆಗೆ ಇಂದಿಗೂ ಅಪಾರ ವಿದ್ಯುತ್ತು, ಅತಿ ಶುದ್ಧ ನೀರು ಬೇಕೇ ಬೇಕು.

ಎಸೆದ ಮೇಲಿನ ಕಥೆ ಇನ್ನೂ ದೊಡ್ಡದು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಅದರಲ್ಲಿ ಶೇ. 22.3 ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಗುಂಡಿಗಳಲ್ಲಿ, ಬೆಂಕಿಯಲ್ಲಿ. ತಂತಿಯೊಳಗಿನ ತಾಮ್ರಕ್ಕಾಗಿ ಮೇಲಿನ ಪ್ಲಾಸ್ಟಿಕ್ಕನ್ನು ಸುಡುವ ಹೊಗೆ ವಿಷಕಾರಿ. ಉಬ್ಬು ಪರದೆಯ ಗಾಜಿನಲ್ಲಿ ಸೀಸವಿರುತ್ತದೆ. ಅದನ್ನು ಒಡೆದು ಹೊಲದ ಬದಿಗೆ ಎಸೆದರೆ ಸೀಸ ನಿಧಾನವಾಗಿ ಮಣ್ಣು, ನೀರು ಸೇರಬಹುದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು.

ಸಭೆಯಲ್ಲಿ ಹೇಳಿದಂತೆ ಗುಜರಿ ಗಾಡಿಗೆ ಹಾಕಿದ್ದರೆ ಅಜ್ಜನ ಗತಿ ಇದೇ ಆಗುತ್ತಿತ್ತೋ ಏನೋ. ನಮ್ಮ ದೇಶದಲ್ಲಿ ವಿದ್ಯುನ್ಮಾನ ಕಸಕ್ಕೆ ನಿಯಮಗಳಿವೆ. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಅದನ್ನು ತಲುಪಿಸಬೇಕು. ಸರ್ಕಾರಿ ಶಾಲೆಯ ವಸ್ತುವಾದ್ದರಿಂದ ಮೊದಲು ದಾಸ್ತಾನು ವಹಿಯಿಂದ ತೆಗೆಯಲು ಅನುಮತಿಯೂ ಬೇಕು. ಅದಕ್ಕೆ ನಮಗೆ ಐದು ತಿಂಗಳು ಹಿಡಿಯಿತು. ಅಜ್ಜ ಅಷ್ಟು ದಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ.

ಅಜ್ಜನ ಜಾಗಕ್ಕೆ ಯಾರು? ನಮ್ಮ ಕೈಯಲ್ಲಿ ಇನ್ನೂ 27,660 ರೂಪಾಯಿ ಇತ್ತು. ಹೊಸದು, ಹಳೆಯದು ಎಂಬ ಎರಡು ದಾರಿಗಳ ನಡುವೆ ಮೂರನೆಯದೂ ಒಂದಿದೆ. ಕಚೇರಿಗಳು ಕೆಲವು ವರ್ಷ ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ಪರೀಕ್ಷಿಸಿ, ಸರಿಪಡಿಸಿ ಮಾರುತ್ತಾರೆ. 2018ರ ಒಂದು ಕಂಪ್ಯೂಟರ್ 14,000ಕ್ಕೆ, ಬಳಸಿದ ಚಪ್ಪಟೆ ಪರದೆ 2,500ಕ್ಕೆ ಸಿಕ್ಕವು. ಒಂದು ವರ್ಷದ ಖಾತರಿಯನ್ನು ಕಾಗದದ ಮೇಲೆ ಬರೆಸಿಕೊಂಡೆವು. ಬಾಯಿಮಾತಿನ ಖಾತರಿಯಾದರೆ ನಾನು ಕೊಳ್ಳುತ್ತಿರಲಿಲ್ಲ. ಉಳಿದ ಹಣದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಮತ್ತು ಮಳೆ ಲೆಕ್ಕದ ಪ್ರತಿ ಇಡಲು ಎರಡು ಪೆನ್ ಡ್ರೈವ್ ಬಂದವು. ಮಿಕ್ಕದ್ದು ಬ್ಯಾಂಕಿನಲ್ಲಿದೆ.

ಹೊಸದನ್ನೇ ಕೊಳ್ಳಬೇಕಾದ ಸಂದರ್ಭಗಳೂ ಇವೆ. ಮದರ್‌ಬೋರ್ಡ್ ಸುಟ್ಟಿದ್ದರೆ, ಮಾಡಬೇಕಾದ ಕೆಲಸಕ್ಕೆ ಸಂಸ್ಕಾರಕವೇ ಸಾಲದಿದ್ದರೆ, ಸರಿಪಡಿಸುವ ಖರ್ಚು ಹೊಸದರ ಅರ್ಧ ಬೆಲೆಯನ್ನು ಮುಟ್ಟುತ್ತಿದ್ದರೆ ಹಳೆಯದನ್ನು ಹಿಡಿದು ಕೂರಬೇಡಿ. ಅರ್ಧ ಎಂಬುದು ಶಾಸನವೇನಲ್ಲ, ನಾವು ಹಾಕಿಕೊಂಡ ಗೆರೆ.

ನೀವೇ ತೀರ್ಮಾನಿಸಿ

ಒಂದು ಮನೆಯಲ್ಲಿ ಆರು ವರ್ಷ ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಎರಡೂ ಇವೆ. ಗುಂಡಿ ಒತ್ತಿದ 25 ಸೆಕೆಂಡಿಗೆ ಸಿದ್ಧವಾಗುತ್ತದೆ. ಚಿತ್ರ ಬಿಡಿಸುವುದು, ಪತ್ರ ಬರೆಯುವುದು ಎಲ್ಲ ಚುರುಕು. ಅಂತರಜಾಲದ ವಿಡಿಯೋ ಮಾತ್ರ ಸಂಜೆ ಹೊತ್ತಿನಲ್ಲಿ ನಿಂತು ನಿಂತು ಬರುತ್ತದೆ, ಬೆಳಗಿನ ಜಾವ ಚೆನ್ನಾಗಿ ಬರುತ್ತದೆ. ಮನೆಯವರು ಹೊಸ ಕಂಪ್ಯೂಟರ್ ಕೊಳ್ಳಲು ಪೇಟೆಗೆ ಹೊರಟಿದ್ದಾರೆ. ಅವರು ಬಸ್ ಹತ್ತುವ ಮೊದಲು ನೀವು ಅವರಿಗೆ ಏನು ಹೇಳುತ್ತೀರಿ? ಕಾರಣ ಸಹಿತ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.